ಕುಲುಮೆ ಬಿಚ್ಚಿಟ್ಟ ದಿನದ ಅಳತೆಗಳು

ಲೋಹಗಳು ಶಾಖಕ್ಕೆ ಹೇಗೆ ವರ್ತಿಸುತ್ತವೆ ಎಂಬುದನ್ನು ಕಲಿಸಬಲ್ಲವರು ಅನೇಕರಿದ್ದಾರೆ. ಹಿಡಿದ ಕೆಲಸವನ್ನು ಹೇಗೆ ಯೋಜಿಸಿ ಮುಗಿಸಬೇಕೆಂದು ಕಲಿಸಬಲ್ಲವರಿಗೂ ಕೊರತೆಯಿಲ್ಲ. ಆದರೆ ಈ ಎರಡನ್ನೂ ಒಂದೇ ಕರಿಹಲಗೆಯ ಮೇಲೆ ಬರೆದು, ಎರಡರಲ್ಲೂ ಒಂದೇ ಬಗೆಯ ಪ್ರಾಮಾಣಿಕತೆಯನ್ನು ಬಯಸಿದವರು ನಾನು ಕಂಡಂತೆ ಒಬ್ಬರೇ. ಮೂವತ್ತನಾಲ್ಕು ವರ್ಷಗಳ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಬಗ್ಗೆ, ಮೊದಲು ಅವರ ಶಿಷ್ಯನಾಗಿ, ಆಮೇಲೆ ಅವರ ಪಕ್ಕದ ಕೋಣೆಯ ಸಹೋದ್ಯೋಗಿಯಾಗಿ ಕಂಡದ್ದನ್ನು ಬರೆಯುವ ಅವಕಾಶ ನನಗೆ ಒದಗಿದೆ.

ಪ್ರಯೋಗಾಲಯದ ಬೋಧಕಿಯಾಗಿ ಸೇರಿದ ಕಾಲದಿಂದಲೂ ಅವರ ಕೈಚೀಲದಲ್ಲಿ ಕನ್ನಡಕದ ಜೊತೆಗೆ ಸ್ಕ್ರೂಡ್ರೈವರ್ ಇರುತ್ತಿತ್ತು. ಕೆಟ್ಟ ಉಪಕರಣಕ್ಕೆ ಮೆಕ್ಯಾನಿಕ್ ಬರಲೆಂದು ಅವರು ಕಾದವರಲ್ಲ. ದೃಷ್ಟಿ ಮಂದವಾಗಿದ್ದ ನನ್ನ ಸಹಪಾಠಿಯೊಬ್ಬಳಿಗಾಗಿ ಅಳತೆಪಟ್ಟಿಗಳ ಗೆರೆಗಳನ್ನೆಲ್ಲ ತಾವೇ ಕುಳಿತು ಕಪ್ಪುಶಾಯಿಯಲ್ಲಿ ದಪ್ಪವಾಗಿ ತಿದ್ದಿದ್ದರು. ಆಕೆಗೆ ಅದನ್ನು ಹೇಳಲೂ ಇಲ್ಲ.

ಹಿರಿಯ ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ವರ್ಷಗಟ್ಟಲೆ ಮುಗಿಯದಿದ್ದಾಗ ಮೇಡಂ ನಮ್ಮ ತಂಡಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿಷಯವನ್ನು ಕಡ್ಡಾಯ ಮಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ಗೊಣಗಿದೆವು. ಯಾವ ಕೆಲಸ ಯಾವ ತಾರೀಕಿಗೆ ಎಂಬ ಪಟ್ಟಿಯನ್ನು ಪ್ರತಿಯೊಬ್ಬರೂ ಪ್ರಯೋಗಾಲಯದ ಗೋಡೆಗೆ ಅಂಟಿಸಬೇಕಿತ್ತು. ನನ್ನದು ತಂತಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ ಅದರ ವಿದ್ಯುತ್ ರೋಧವನ್ನು ಅಳೆಯುವ ಆರು ವಾರಗಳ ಕೆಲಸ. ಸಂಶೋಧನಾ ಕೇಂದ್ರವೊಂದು ನನಗೆ ಜಾಗ ಇಟ್ಟಿತ್ತು. ಪ್ರಥಮ ದರ್ಜೆ ಬರಬೇಕೆಂಬುದೊಂದೇ ಷರತ್ತು.

ಎರಡನೇ ವಾರವೇ ಕುಲುಮೆಯ ಸುರುಳಿ ಸುಟ್ಟುಹೋಯಿತು. ದುರಸ್ತಿಗೆ ಮೂರು ವಾರ ಹಿಡಿಯಿತು. ಕೊನೆಯ ನಾಲ್ಕು ದಿನಗಳಲ್ಲಿ ಊಟ ತಿಂಡಿ ಮರೆತು ಎಲ್ಲ ಅಳತೆಗಳನ್ನೂ ತೆಗೆದೆ. ಅಳತೆಗಳು ನಿಜವೇ. ಆದರೆ ಗೋಡೆಯ ಪಟ್ಟಿಗೆ ಹೊಂದಲೆಂದು ದಾಖಲೆ ಪುಸ್ತಕದಲ್ಲಿ ಪಟ್ಟಿಯ ತಾರೀಕುಗಳನ್ನೇ ಬರೆದುಬಿಟ್ಟೆ. ಯೋಜನೆಗೆ ಅಷ್ಟು ನಿಷ್ಠೆ ನನ್ನದು!

ಮೇಡಂ ಪುಟಗಳನ್ನು ನಿಧಾನವಾಗಿ ತಿರುವಿದರು. "ಹನ್ನೆರಡನೇ ತಾರೀಕು ಈ ಕುಲುಮೆ ನನ್ನ ಮೇಜಿನ ಮೇಲೆ ಬಿಚ್ಚಿಬಿದ್ದಿತ್ತಲ್ಲಪ್ಪ," ಎಂದರು. "ನೀನು ತಂತಿ ಯಾವುದ್ರಲ್ಲಿ ಕಾಯಿಸ್ದೆ?"

ಅವರು ಬೈಯಲಿಲ್ಲ, ಸಹಿಯನ್ನೂ ಹಾಕಲಿಲ್ಲ. "ಪರೀಕ್ಷೆಗೆ ಇನ್ನೂ ಎರಡು ದಿನ ಇದೆ. ಪುಸ್ತಕ ನಿಂದು, ಏನ್ ಮಾಡ್ಬೇಕು ಅಂತ ನೀನೇ ನೋಡು," ಎಂದು ಮರಳಿಸಿದರು.

ಸುಳ್ಳು ತಾರೀಕುಗಳ ಮೇಲೆ ಓದಲು ಬರುವಂತೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜವಾದವನ್ನು ಬರೆದೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತೆರೆಯುವ ಮೊದಲೇ ನಡೆದದ್ದನ್ನು ಹೇಳಿದೆ. ಪ್ರಥಮ ದರ್ಜೆ ನಾಲ್ಕು ಅಂಕಗಳಿಂದ ತಪ್ಪಿತು, ಅದರೊಂದಿಗೆ ಆ ಜಾಗವೂ ಹೋಯಿತು. ನನ್ನ ಪರವಾಗಿ ಮೇಡಂ ಒಂದು ಮಾತನ್ನೂ ಆಡಲಿಲ್ಲವೆಂದು ಒಂದು ವರ್ಷ ಅವರ ಮೇಲೆ ಹಲ್ಲು ಕಡಿದೆ. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವರು ಲೋಪವೇ ಇಲ್ಲದವರೆಂದು ಹೇಳಿದರೆ ಅವರೇ ನಗುತ್ತಾರೆ. ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದರ ಬಗ್ಗೆ ಎರಡು ವರ್ಷಗಳಲ್ಲಿ ಬರೆಯುತ್ತೇನೆಂದ ಪಠ್ಯಪುಸ್ತಕ ಒಂಬತ್ತನೇ ವರ್ಷಕ್ಕೆ ಹೊರಬಂತು. ದೀಪದ ಬುಡ ಕತ್ತಲೆಂದು ನಾವು ರೇಗಿಸಿದರೆ, ಮುನ್ನುಡಿ ಓದಿ ಎನ್ನುತ್ತಿದ್ದರು. ಅದರಲ್ಲಿ ಏಳು ವರ್ಷಗಳ ವಿಳಂಬಕ್ಕೂ ವರ್ಷವಾರು ಕಾರಣಗಳಿವೆ, ಮೂರನೆಯದು ಸೋಮಾರಿತನ.

ಮುಂದೆ ಇದೇ ವಿಭಾಗದಲ್ಲಿ ನನಗೆ ಅಧ್ಯಾಪಕನ ಕೆಲಸ ಸಿಕ್ಕಿತು. ನನಗಿಂತ ಹೆಚ್ಚು ಅಂಕ ಪಡೆದವರು ಐವರಿದ್ದರೂ ನನ್ನನ್ನೇ ಏಕೆ ಆರಿಸಿದರೆಂದು ತಿಳಿದದ್ದು, ಅಂದಿನ ಮುಖ್ಯಸ್ಥರು ತಮ್ಮ ನಿವೃತ್ತಿಯ ದಿನ ಮೇಡಂ ಬರೆದಿದ್ದ ಶಿಫಾರಸು ಪತ್ರವನ್ನು ನನ್ನ ಕೈಗಿಟ್ಟಾಗ.

ಸುಳ್ಳು ತಾರೀಕಿನ ಈ ಪ್ರಸಂಗ ನಿಮ್ಮ ಹೆಸರಿಗೇ ಕುಂದಲ್ಲವೇ, ಬಿಟ್ಟುಬಿಡೋಣವೇ ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ಸಂಕೋಚದಿಂದ ಕೇಳಿದರು. ಬೇರೆ ಏನನ್ನು ತೆಗೆದರೂ ಸರಿ, ಇದು ಇರಲಿ ಎಂದು ಬೇಡಿಕೊಂಡಿದ್ದೇನೆ. ಮೇಡಂ ಆರೋಗ್ಯದಿಂದ ನೂರು ವರ್ಷ ಬಾಳಲಿ. ಪ್ರಯೋಗಾಲಯಕ್ಕೆ ಬರುತ್ತಿರಲಿ, ಬಿಚ್ಚಲು ಉಪಕರಣಗಳು ಬೇಕಾದಷ್ಟಿವೆ. ಆ ಪತ್ರದಲ್ಲಿದ್ದದ್ದು ಮೂರೇ ವಾಕ್ಯ: "ಇವರು ಒಮ್ಮೆ ಸುಳ್ಳು ತಾರೀಕು ಬರೆದಿದ್ದರು. ಪರೀಕ್ಷಕರು ಕೇಳುವ ಮೊದಲೇ ಅದನ್ನು ತಾವಾಗಿ ಹೇಳಿ ನಷ್ಟ ಅನುಭವಿಸಿದರು. ಪ್ರಯೋಗಾಲಯದ ಬೀಗದ ಕೈಯನ್ನು ನಾನು ಇವರಿಗೆ ಕೊಡುತ್ತೇನೆ."