ಲೈಬ್ರರಿ ಸಾರ್ ರೂಮಿನ ಕಂಪ್ಯೂಟರು

ಮೂಡಲಪಾಳ್ಯದ ಲೈಬ್ರರೀಲಿ ನೆಲ ಒರೆಸ್ತಿದ್ದೆ. ಒಂದಿನ ಸಾರ್ ರೂಮಲ್ಲಿ ತಲೆ ಎತ್ತಿದ್ರೆ, ಅವರ ಕಂಪ್ಯೂಟರಲ್ಲಿ ತಾನಾಗೇ ಅಕ್ಷರ ಮೂಡ್ತಾ ಐತೆ! ಸಾರ್ ಕೈ ಕಟ್ಕೊಂಡು ಕೂತವ್ರೆ. ಅಕ್ಷರ ಕೂಡಿಸ್ಕೊಂಡು ಓದ್ದೆ: 'ನಂಗೆ ಈ ಮದ್ವೆ ಬೇಡ ಕಣೇ.'

"ಆಚೆ ಕಂಪ್ಯೂಟರಲ್ಲಿ ಕೂತಿರೋ ಹುಡುಗಿ ಬರೀತಿರೋದು, ಅಲ್ಲಿ ಬರೆದಿದ್ದೆಲ್ಲ ಇಲ್ಲಿ ಕಾಣುತ್ತೆ. ಲೈಬ್ರರೀಲಿ ಆರ್ಕುಟ್ ಅಂತ ಇಂಟರ್ನೆಟ್ಟಲ್ಲಿ ಫ್ರೆಂಡ್ಸ್ ಜೊತೆ ಹರಟಂಗಿಲ್ಲ, ರೂಲ್ಸು. ಅವರಪ್ಪನ್ನ ಕರೆಸಿದೀನಿ, ಬಂದು ಕಣ್ಣಾರೆ ನೋಡ್ಲಿ," ಅಂದ್ರು ಸಾರ್.

ಬಕೆಟ್ ಎತ್ಕೊಂಡು ಹೋಗಿ ಅವಳ ಕಿವೀಲಿ ಊದ್ದೆ: "ಸಾರ್ ಅಲ್ಲಿಂದ್ಲೇ ಎಲ್ಲಾ ಓದ್ತಾವ್ರೆ. ನಿಮ್ಮಪ್ಪ ಬರ್ತಾವ್ರೆ. ಅಳಿಸಿ ಓಡೇ!"

ನಾನು ವಾಪಸ್ ಬರೋಷ್ಟರಲ್ಲಿ ಸಾರ್ ಮುಂದೆ ಅಕ್ಷರ ಒಂದೊಂದಾಗಿ ಮಾಯ ಆಗ್ತಿತ್ತು.

"ಏನಮ್ಮಾ ಹೇಳ್ದೆ ಅವಳಿಗೆ?"

"ನೆಲ ಒದ್ದೆ ಐತೆ, ಜಾರ್ತೀಯ ಅಂದೆ ಸಾರ್."

ನಾನೂ ಕಂಡೋರ ಮನೆ ಇಣುಕೋಳೇ. ಆದ್ರೆ ಇಣುಕೋವಾಗ ನನ್ನ ಮುಖ ಅವರಿಗೂ ಕಾಣ್ತದೆ, ಬೈಯೋಕಾದ್ರೂ ಅನುಕೂಲ.