ಭಿಕ್ಷುವಿನ ಹಾಸಿಗೆಯ ಮೇಲೆ ನನ್ನ ಕರವಸ್ತ್ರ

ಕಾನ್ಹೇರಿ ಗುಹೆಯಲ್ಲಿ ಬೌದ್ಧ ಭಿಕ್ಷುಗಳು ಮಲಗುತ್ತಿದ್ದ ಕಲ್ಲುಕಟ್ಟೆಯ ಮೇಲೆ ನನ್ನ ಕರವಸ್ತ್ರ ಬಿದ್ದಿತ್ತು. ಎಸೆದವನು ನಾನೇ. ಕನ್ನಡ ಸಂಘದ ಚಾರಣಕ್ಕೆ ಗೈಡ್ ಆಗಿದ್ದ ಹುಡುಗಿ, "ಪಾಂಚ್ ಮಿನಿಟ್ ಇಲ್ಲಿ ಶಾಂತ್ ಕೂರೋಣ" ಎಂದದ್ದೇ ತಡ, ಮೂವತ್ತು ವರ್ಷ ಲೋಕಲ್ ರೈಲಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿದ ಕೈ ತನ್ನ ಕೆಲಸ ಮುಗಿಸಿತ್ತು.

ಹುಡುಗಿ ಅದನ್ನು ಎತ್ತಿಕೊಟ್ಟಳು. "ಕಾಕಾ, ಇಲ್ಲಿದ್ದವರು ಸಬ್ ಕುಛ್ ಬಿಟ್ಟು ಬಂದವರು. ನೀವು ಅವರ ಜಾಗಾನೇ ಹಿಡೀತೀರಾ?"

ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾತ್ರ ನಾನು ಯಾರೋ ಎಂಬಂತೆ ಗುಹೆಯ ಛಾವಣಿ ನೋಡತೊಡಗಿದಳು.

ನೆಲದ ಮೇಲೆ ಕೂತು, ಈ ಚಾಳಿ ಇವತ್ತಿಗೇ ಬಿಟ್ಟೆ ಎಂದುಕೊಂಡೆ. ಸಂಜೆ ಬೋರಿವಲಿ ಸ್ಟೇಷನ್ನಿನಲ್ಲಿ ಕರವಸ್ತ್ರವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಿಟಕಿ ಪಕ್ಕದ ಸೀಟಿಗೆ ಟೋಪಿ ಎಸೆದೆ.