ಟೇಬಲ್ ಮೇಲೆ ಉಂಗುರದ ಸದ್ದು

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಜಾಝ್ ವಾಹಿನಿಯಲ್ಲಿ ಒಂದು ಹಾಡು ಮುಗಿದು, ನಡುವೆ ಒಂದು ಮಾತೂ ಇಲ್ಲದೆ ಇನ್ನೊಂದು ಶುರುವಾಯಿತು. ಬೇರೆ ಯಾವ ರೇಡಿಯೊದಲ್ಲಾದರೂ ಇದು ದಿನವಿಡೀ ನಡೆಯುವಂಥದ್ದೇ. ನಾನು ಮಾತ್ರ ಕೈಯಲ್ಲಿದ್ದ ಕಾಫಿ ಲೋಟವನ್ನು ಇಟ್ಟು ಎದ್ದು ನಿಂತೆ. ಲೋಟ ಇಟ್ಟದ್ದು, ಕುರ್ಚಿ ಹಿಂದಕ್ಕೆ ಸರಿದದ್ದು, ಬಾಗಿಲವರೆಗೆ ನಡೆದೆನೋ ಓಡಿದೆನೋ ಎಂಬುದು, ಇವನ್ನೆಲ್ಲ ಈಗಲೂ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತೇನೆ. ನಡೆದದ್ದು ಒಳ್ಳೆಯದಾಗಿಯೇ ಮುಗಿಯಿತು. ಆದರೆ ಮನಸ್ಸು ಆ ಕೊನೆಯಿಂದ ನೆನೆಯಲು ಒಪ್ಪುವುದಿಲ್ಲ. ಪ್ರತಿ ಸಲವೂ ಹನ್ನೊಂದು ಹದಿನೇಳಕ್ಕೇ ಹೋಗಿ ನಿಲ್ಲುತ್ತದೆ.

ನಾನು ಧಾರವಾಡದವಳು. ಅಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಡೆಲ್ಫ್ಟ್‌ನಲ್ಲಿ ಮುಂದಿನ ಓದು ಮುಗಿಸಿ, ಈಗ ಆಮ್ಸ್ಟರ್‌ಡ್ಯಾಮಿನ ಸ್ಲೋಟರ್‌ಡೈಕ್ ನಿಲ್ದಾಣದ ಹತ್ತಿರ ಒಂದು ಸಣ್ಣ ಉಪಗ್ರಹ ರೇಡಿಯೊ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಅಂಥದ್ದು ಇನ್ನೂ ಇದೆಯೇ ಎಂದು ಊರಿನವರು ಕೇಳುತ್ತಾರೆ. ಇದೆ. ಸರಕು ಸಾಗಿಸುವ ದೋಣಿಯಲ್ಲೇ ಸಂಸಾರ ಮಾಡುವವರು, ಉತ್ತರ ಸಮುದ್ರದ ಮೀನುಗಾರರು, ಬೇಸಿಗೆಯಿಡೀ ಕ್ಯಾರವಾನ್ ಎಳೆದುಕೊಂಡು ತಿರುಗುವ ನಿವೃತ್ತರು ನಮ್ಮ ಕೇಳುಗರು. ಮೊಬೈಲ್ ಸಿಗ್ನಲ್ ಕೈಕೊಡುವ ಕಡೆ ಇವರ ಪುಟ್ಟ ಡಿಶ್‌ಗಳಿಗೆ ನಾವು ಆಕಾಶದಿಂದ ಇಳಿಯುತ್ತೇವೆ.

ಜಾಝ್ ವಾಹಿನಿಯನ್ನು ನಡೆಸುತ್ತಿದ್ದವರು ಎಪ್ಪತ್ತರ ಆಸುಪಾಸಿನ ಡಚ್ ನಿರೂಪಕರು. ಉದ್ದ ಕಾಲು, ಸದಾ ಒಂದೇ ನೀಲಿ ಸ್ವೆಟರ್, ಬಲಗೈಯಲ್ಲಿ ದಪ್ಪ ಬೆಳ್ಳಿಯ ಉಂಗುರ. ಇಲ್ಲಿ ಡೈರೆಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಅಪ್ಪನ ವಯಸ್ಸಿನವರ ಹೆಸರು ಬಾಯಿಗೆ ಬರದೆ ಮೊದಲ ದಿನ ‘ಸರ್’ ಅಂದುಬಿಟ್ಟೆ. ಅವರು ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು.

“ಯಾರನ್ನ ಕರೆದ್ರಿ? ನನ್ನ ಹಿಂದೆ ಯಾರೂ ಇಲ್ಲವಲ್ಲ.”

ನಾನು ಸರ್ ಅನ್ನುವುದನ್ನು ಬಿಡಲಿಲ್ಲ. ಅವರು ಸೇಡಿಗೆ ನನ್ನನ್ನು ಮೇಡಮ್ ಅನ್ನತೊಡಗಿದರು. ಅವರ ಮಾತು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಯಾವಾಗಲೂ ಕನ್ನಡವನ್ನೇ ಆಡುತ್ತಾರೆ.

ಮೊದಮೊದಲು ಜಾಝ್ ನನಗೆ ಪರದೆಯ ಮೇಲೆ ಏರಿಳಿಯುವ ಹಸಿರು ಪಟ್ಟಿ ಅಷ್ಟೇ ಆಗಿತ್ತು. ಒಂದು ದಿನ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಮೇಡಮ್ ಮೀಟರ್ ನೋಡ್ತಾರಾ, ಹಾಡು ಕೇಳ್ತಾರಾ?” ಅಂದರು.

“ಸದ್ದು ಸರಿಯಾಗಿ ಹೋಗ್ತಿದೆಯಾ ಅಂತ ನೋಡೋದು ನನ್ನ ಕೆಲಸ, ಸರ್.”

“ಹಾಗಾದ್ರೆ ಮುಂದಿನದನ್ನ ಕೇಳಿ. ಸಣ್ಣ ಕ್ಲಬ್ಬಿನಲ್ಲಿ ಮಾಡಿದ ರೆಕಾರ್ಡಿಂಗ್. ಅರ್ಧ ದಾರಿಯಲ್ಲಿ ಮೂಲೆಯ ಟೇಬಲ್ಲಿನವನು ಕೆಮ್ಮುತ್ತಾನೆ. ಬಾಸ್ ತಂತಿವಾದ್ಯ ನುಡಿಸುವವನು ಅವನಿಗೋಸ್ಕರ ಒಂದು ಸ್ವರ ತಡೆದು ನಿಲ್ಲಿಸ್ತಾನೆ.”

ಕೇಳಿದೆ. ನಿಜಕ್ಕೂ ಒಬ್ಬ ಕೆಮ್ಮಿದ. ನಿಜಕ್ಕೂ ಸ್ವರ ನಿಂತು, ಆಮೇಲೆ ಮುಂದೆ ಹೋಯಿತು. ಗ್ಲಾಸುಗಳ ಕಿಣಿಕಿಣಿ, ಯಾರೋ ಕುರ್ಚಿ ಎಳೆದ ಸದ್ದು. ಪಿಯಾನೊ ಒಂದು ಕಡೆ, ಡ್ರಮ್ ಒಂದು ಕಡೆ ಅಲೆದು, ಇನ್ನು ಸಿಗುವುದೇ ಇಲ್ಲ ಅನ್ನುವಾಗ ಇಬ್ಬರೂ ಒಟ್ಟಿಗೆ ಬಂದು ಇಳಿದರು. ನನ್ನ ತಲೆ ತಾನಾಗಿ ತೂಗಿತು. ಧಾರವಾಡದಲ್ಲಿ ಯಾರದೋ ಮನೆಯ ಜಮಖಾನೆಯ ಮೇಲೆ ಕೂತು ಬೈಠಕ್ ಕೇಳುವಾಗ ತಬಲಾದವರು ಆವರ್ತ ಮುಗಿಸಿ ಸಮ್‌ಗೆ ಬಂದರೆ ತೂಗುತ್ತಿತ್ತಲ್ಲ, ಹಾಗೆಯೇ. ಅಂದಿನಿಂದ ಅವರ ಕಾರ್ಯಕ್ರಮದ ಹೊತ್ತಿಗೆ ನನ್ನ ಸ್ಪೀಕರಿನ ಧ್ವನಿ ಏರುತ್ತಿತ್ತು.

ಅವರದೊಂದು ಕಟ್ಟುನಿಟ್ಟಿನ ರೂಢಿ ಇತ್ತು. ಹಾಡು ಮುಗಿದ ಮೇಲೆ ಕೂಡಲೇ ಮಾತಾಡುತ್ತಿರಲಿಲ್ಲ. ಒಂದು ಉಸಿರು, ಕೆಲವೊಮ್ಮೆ ಎರಡು ಮೂರು ಉಸಿರು ಸುಮ್ಮನಿದ್ದು, ಆಮೇಲೆ ಯಾರು ನುಡಿಸಿದರು, ಎಲ್ಲಿ, ಹೊರಗೆ ಹವೆ ಹೇಗಿತ್ತು ಎಂದೆಲ್ಲ ಹೇಳುತ್ತಿದ್ದರು. “ಬಾಯಲ್ಲಿ ಇನ್ನೂ ತುತ್ತು ಇರೋವಾಗ ತಟ್ಟೆ ಎಳೀಬಾರದು” ಎಂಬುದು ಅವರ ಸಮಜಾಯಿಷಿ.

ಆ ವರ್ಷ ನಮ್ಮ ಕಂಪನಿಯನ್ನು ಗಡಿಯಾಚೆಯ ದೊಡ್ಡದೊಂದು ಉಪಗ್ರಹ ರೇಡಿಯೊ ಸೇವೆಯ ಜೊತೆ ವಿಲೀನ ಮಾಡುವ ಮಾತು ಬಂತು. ಈ ದೇಶದಲ್ಲಿ ಅಂಥ ತೀರ್ಮಾನಕ್ಕೆ ಮುಂಚೆ ಮಾಲೀಕರು ನೌಕರರ ಮಂಡಳಿಯ ಸಲಹೆ ಕೇಳಲೇಬೇಕು. ಸಲಹೆಯನ್ನು ತಳ್ಳಿಹಾಕಿದರೆ ಮಂಡಳಿ ಕೋರ್ಟಿಗೆ ಹೋಗಬಹುದು. ಆ ಮಂಡಳಿಯಲ್ಲಿ ನಾನೂ ಒಬ್ಬಳು. ನನ್ನ ಒಲವು ವಿಲೀನದ ಕಡೆಗೇ ಇತ್ತು. ಎರಡು ಕಂಪನಿಗಳೂ ಒಂದೇ ಉಪಗ್ರಹದಲ್ಲಿ ಬೇರೆ ಬೇರೆ ಜಾಗ ಬಾಡಿಗೆಗೆ ಹಿಡಿದು, ಕರಗುತ್ತಿರುವ ಅದೇ ಕೇಳುಗರಿಗಾಗಿ ಕಿತ್ತಾಡುತ್ತಿದ್ದವು. ಒಂಟಿಯಾಗಿ ಇಬ್ಬರೂ ಬಹಳ ದಿನ ಬಾಳುವಂತಿರಲಿಲ್ಲ. ನಿರೂಪಕರೂ ವಿರೋಧಿಸಲಿಲ್ಲ.

“ಸೇರಲಿ. ಒಬ್ಬನೇ ನುಡಿಸೋದಕ್ಕಿಂತ ಬ್ಯಾಂಡ್ ಒಳ್ಳೇದು. ಆದರೆ ಬ್ಯಾಂಡ್ ಅಂದಮೇಲೆ ಪಕ್ಕದವನನ್ನ ಕೇಳಿಸಿಕೊಳ್ಳಬೇಕು. ಅದನ್ನ ಅವರಿಗೆ ಹೇಳಿ.”

ತೊಡಕು ಇದ್ದದ್ದು ಅಲ್ಲೇ. ನಮ್ಮ ಹಳೆಯ ವ್ಯವಸ್ಥೆಯಲ್ಲಿ ಪ್ರಸಾರ ಮೌನವಾದರೆ ನನ್ನ ಕೋಣೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಯಾರಾದರೂ ಎದ್ದು ಹೋಗಿ ನೋಡುತ್ತಿದ್ದೆವು. ಅವರ ಯಂತ್ರಕ್ಕೆ ಗಂಟೆಯೇ ಇಲ್ಲ. ಮೌನ ಕಂಡ ಕೂಡಲೇ ಅದು ತನ್ನ ಸಂಗ್ರಹದಿಂದ ಒಂದು ಹಾಡು ತೆಗೆದು ತುಂಬಿಬಿಡುತ್ತದೆ. ಕೇಳುಗರಿಗೆ ಏನೂ ತಿಳಿಯುವುದಿಲ್ಲ, ಕಾವಲಿಗೆ ಯಾರೂ ಬೇಕಾಗುವುದಿಲ್ಲ. ವಿಲೀನದ ನಂತರ ಎಲ್ಲ ಕಡೆ ಅದೇ ಬರುವುದೆಂದು ಪ್ರಯೋಗಕ್ಕೆ ನಮ್ಮಲ್ಲೂ ಕೂರಿಸಿದ್ದರು. ಆ ವಾರಗಳಲ್ಲಿ ನನ್ನ ಗಂಟೆಯ ಬಾಯಿ ಕಟ್ಟಿತ್ತು.

ಯಂತ್ರ ಮೊದಲು ಜಗಳ ತೆಗೆದದ್ದು ನಿರೂಪಕರ ಮೌನದ ಜೊತೆ. ಅವರು ಉಸಿರೆಳೆದು ಮಾತಿಗೆ ಸಿದ್ಧರಾಗುವಷ್ಟರಲ್ಲಿ ಯಾವುದೋ ಕುಣಿತದ ಹಾಡು ನುಗ್ಗುತ್ತಿತ್ತು. ಎರಡು ದಿನ ಗೊಣಗಿದರು. ಮೂರನೆಯ ದಿನ ಉಪಾಯ ಕಂಡುಕೊಂಡರು: ಸುಮ್ಮನಿರುವಾಗ ಉಂಗುರದಿಂದ ಟೇಬಲ್ ಮೇಲೆ ಟಕ್ ಎಂದು ಕುಟ್ಟುವುದು. ಸದ್ದು ಕೇಳಿ ಯಂತ್ರ ಹಿಂದೆ ಸರಿಯುತ್ತಿತ್ತು.

“ನಾಯಿಗೆ ‘ಕೂತ್ಕೋ’ ಅಂದ ಹಾಗೆ” ಎಂದು ನಕ್ಕರು. ಹಾಡು, ಮೌನ, ಟಕ್, ಮತ್ತೆ ಮೌನ, ಮಾತು. ನನ್ನ ಕಿವಿ ಅದಕ್ಕೇ ಒಗ್ಗಿಬಿಟ್ಟಿತ್ತು.

ಹನ್ನೊಂದು ಹದಿನೇಳಕ್ಕೆ ಆ ಟಕ್ ಬರಲಿಲ್ಲ. ಬಂದದ್ದು ಕುಣಿತದ ಹಾಡು.

ಸ್ಟುಡಿಯೊ ಕಾರಿಡಾರಿನ ತುದಿಯಲ್ಲಿತ್ತು. ಸದ್ದು ತಡೆಯುವ ದಪ್ಪ ಬಾಗಿಲನ್ನು ಭುಜ ಕೊಟ್ಟು ತಳ್ಳಿದೆ. ಅವರು ಕುರ್ಚಿಗೂ ರೆಕಾರ್ಡುಗಳ ಕಪಾಟಿಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಹೆಡ್‌ಫೋನು ವೈರಿಗೆ ಜೋತಾಡುತ್ತಿತ್ತು. ಮೈಕಿನ ದೀಪ ಆರಿತ್ತು; ಹಾಡಿನ ಕೊನೆಗೆ ಅದನ್ನು ತೆರೆಯುವ ಮೊದಲೇ ಬಿದ್ದಿರಬೇಕು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕರೆದೆ, ಭುಜ ಅಲುಗಿಸಿದೆ, ಅವರ ಮೂಗಿನ ಹತ್ತಿರ ನನ್ನ ಕೆನ್ನೆ ತಂದೆ. ಉಸಿರಿರಲಿಲ್ಲ. ಕಾರಿಡಾರಿಗೆ ಕೇಳುವಂತೆ ಕೂಗಿ, ತುರ್ತು ಸಂಖ್ಯೆಗೆ ಕರೆ ಮಾಡಿ, ಮೊಬೈಲನ್ನು ಪಕ್ಕದಲ್ಲಿಟ್ಟು ಎದೆ ಒತ್ತತೊಡಗಿದೆ. ಆಫೀಸಿನ ತುರ್ತು ಸಹಾಯದ ತರಬೇತಿಯಲ್ಲಿ ರಬ್ಬರ್ ಗೊಂಬೆಯ ಮೇಲೆ ಕಲಿತದ್ದು. ಗೊಂಬೆಗೆ ಎಲುಬಿರುವುದಿಲ್ಲ. ಎಲುಬು ಮುರಿದ ಸದ್ದು ಕೈಗೆ ತಿಳಿದಾಗಲೂ ನಿಲ್ಲಿಸಬಾರದೆಂದು ಮೊಬೈಲಿನಿಂದ ಹೆಂಗಸೊಬ್ಬರ ದನಿ ಹೇಳುತ್ತಿತ್ತು.

ಇಷ್ಟೂ ಹೊತ್ತು ಸ್ಟುಡಿಯೊದ ಸ್ಪೀಕರಿನಲ್ಲಿ ಆ ಹಾಡು ಸಂತೋಷವಾಗಿ ಹರಿಯುತ್ತಿತ್ತು. ದೋಣಿಗಳಲ್ಲಿ, ಕ್ಯಾರವಾನುಗಳಲ್ಲಿ ಜನ ಅದನ್ನೇ ಕೇಳುತ್ತ ಟೀ ಕುಡಿಯುತ್ತಿದ್ದಿರಬೇಕು. ನನ್ನ ಲೆಕ್ಕ ತಪ್ಪತೊಡಗಿದಾಗ ಬೇರೆ ದಾರಿ ಕಾಣದೆ ಆ ಹಾಡಿನ ಲಯಕ್ಕೇ ಒತ್ತಿದೆ. ರಿಸೆಪ್ಶನ್ನಿನ ಹುಡುಗಿ ಲಿಫ್ಟಿನ ಪಕ್ಕದ ಗೋಡೆಯಿಂದ ಹೃದಯಕ್ಕೆ ಷಾಕ್ ಕೊಡುವ ಪೆಟ್ಟಿಗೆಯನ್ನು ಕಿತ್ತು ತಂದಳು. ಪೆಟ್ಟಿಗೆ ಡಚ್ಚಿನಲ್ಲಿ ಶಾಂತವಾಗಿ, ಎಲ್ಲರೂ ದೂರ ಸರಿಯಿರಿ ಅಂದಿತು. ಅವರ ಮೈ ಒಮ್ಮೆ ಎಗರಿತು. ಮತ್ತೆ ಒತ್ತಿದೆ. ಆಂಬುಲೆನ್ಸಿನವರು ಬಂದು ನನ್ನನ್ನು ಪಕ್ಕಕ್ಕೆ ಸರಿಸುವ ಹೊತ್ತಿಗೆ ಅವರ ಗಂಟಲಿನಿಂದ ಗೊರಕೆಯಂಥದ್ದೊಂದು ಸದ್ದು ಹೊರಟಿತು. ಅಷ್ಟು ಇಂಪಾದ ರೆಕಾರ್ಡಿಂಗನ್ನು ನಾನು ಆ ಕಪಾಟಿನಿಂದ ಇನ್ನೂ ಕೇಳಿಲ್ಲ.

ಅವರು ಬದುಕಿದರು. ವೈದ್ಯರು ಎದೆಯ ಚರ್ಮದಡಿ ಸಣ್ಣ ಯಂತ್ರವೊಂದನ್ನು ಇಟ್ಟರು. ನೋಡಲು ಹೋದಾಗ ದಿಂಬಿಗೊರಗಿ ಕೂತಿದ್ದರು.

“ಮೇಡಮ್, ನನ್ನೊಳಗೂ ಒಂದು ಯಂತ್ರ ಬಂತು. ಹೃದಯ ಮೌನ ಆದ್ರೆ ಇದು ಹಾಡು ಹಾಕೋದಿಲ್ಲ, ಒದೆಯುತ್ತೆ. ಇದರ ಜೊತೆ ಹೊಂದ್ಕೋತೀನಿ.”

ನಾನು ಯಾವ ಲಯಕ್ಕೆ ಒತ್ತಿದೆನೆಂದು ಹೇಳಿದೆ. ಅವರ ಮುಖ ಸೊಟ್ಟಗಾಯಿತು.

“ಆ ಹಾಡಿಗಾ? ನನ್ನ ಹೃದಯ ಆ ಹಾಡಿಗೆ ಮತ್ತೆ ಶುರುವಾಯ್ತಾ? ದಯವಿಟ್ಟು ಯಾರಿಗೂ ಹೇಳಬೇಡಿ.”

ನಕ್ಕೆವು. ಮುರಿದ ಎಲುಬಿಗೆ ನಗು ನೋವಾಗಿ ಅವರು ದಿಂಬು ಅವಚಿಕೊಂಡರು.

ಹಗಲು ಹೀಗೆ ನಗುತ್ತಿದ್ದವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪಕ್ಕದೂರು ಝಾಂಡಾಮ್‌ನ ನಮ್ಮ ಮನೆ ಬಲು ನಿಶ್ಶಬ್ದ. ಕಣ್ಣು ಹತ್ತಿದ ಕೂಡಲೇ ಆ ನಿಶ್ಶಬ್ದದಲ್ಲಿ ಟಕ್ ಸದ್ದಿಗೆ ಕಾಯುತ್ತ ಎದ್ದು ಕೂರುತ್ತಿದ್ದೆ. ಹುಬ್ಬಳ್ಳಿಯವನಾದ ನನ್ನ ಗಂಡ ಕಾಲೇಜಿನ ಗೆಳೆಯ. ಸಮಾಧಾನ ಹೇಳುವಾಗಲೂ ಬೈದಂತೆಯೇ ಇರುತ್ತದೆ.

“ಬದುಕ್ಯಾರಲ್ಲ ಅವರು. ಇನ್ಯಾಕ ಎದ್ದು ಕುಂದರತಿ?”

“ಅವತ್ತ ನಾ ಟಾಯ್ಲೆಟ್ಟಿಗೆ ಹೋಗಿದ್ರ? ಸ್ಪೀಕರ್ ಬಂದ್ ಮಾಡಿದ್ರ?”

“ಹೋಗಿದ್ದಿಲ್ಲಲ್ಲ. ಆಗದ್ದನ್ನ ಎಷ್ಟ ಸಲ ಆಗಸ್ತಿ?”

ಆದರೆ ಮಂಡಳಿಯ ಸಭೆಗೆ ಆ ಆಗದ್ದರ ಉತ್ತರವೇ ಬೇಕಾಗಿತ್ತು. ಮುಂದಿನ ಸಲ ನಾನು ಇರದಿದ್ದರೆ? ಆ ಕೋಣೆಯಲ್ಲಿ ಯಾರೂ ಇರದಿದ್ದರೆ? ವಿಲೀನದ ಲಾಭಗಳು ಒಂದೂ ಸುಳ್ಳಾಗಿರಲಿಲ್ಲ. ಬೇಡ ಅಂದರೆ ಎರಡು ವರ್ಷದಲ್ಲಿ ವಾಹಿನಿಯೇ ಉಳಿಯುತ್ತಿರಲಿಲ್ಲ. ಹೂಂ ಅಂದರೆ ಮೈಕಿನ ಮುಂದೆ ಒಬ್ಬ, ಅವನನ್ನು ಕೇಳಿಸಿಕೊಳ್ಳುವವರು ಕಟ್ಟಡದಲ್ಲಿ ಯಾರೂ ಇಲ್ಲ.

ಸಭೆಗೆ ಗಡಿಯಾಚೆಯ ಕಂಪನಿಯ ಮುಖ್ಯಸ್ಥರು ತಾವೇ ಬಂದರು. ಒಳ್ಳೆಯ ಮನುಷ್ಯ, ನಿರೂಪಕರಿಗೆ ಹೂ ಕಳಿಸಿದ್ದರು. ನಮ್ಮ ಒಂದೇ ಷರತ್ತು, ಮೌನವಾದರೆ ಮೊದಲು ಗಂಟೆ ಹೊಡೆಯಬೇಕು, ಒಬ್ಬರು ಹೋಗಿ ನೋಡಬೇಕು, ಹಾಡು ಆಮೇಲೆ, ಎಂದಾಗ ಆಗದೆಂದು ತಲೆ ಅಲ್ಲಾಡಿಸಿದರು.

“ಕೇಳುವವರಿಗೆ ಮೌನ ಕೇಳಿಸಬಾರದು. ನಮ್ಮ ವ್ಯವಹಾರ ನಿಂತಿರೋದೇ ಅದರ ಮೇಲೆ. ನಡೆದದ್ದು ದುರದೃಷ್ಟ, ಒಪ್ಪುತ್ತೇನೆ. ಆದರೆ ಗಮನಿಸುವವರು ಯಾವ ವ್ಯವಸ್ಥೆಯಲ್ಲಾದರೂ ಗಮನಿಸುತ್ತಾರಲ್ಲ?”

ವಾದ ಮಾಡಲು ಬರೆದುಕೊಂಡು ಹೋಗಿದ್ದೆ. ಅದನ್ನು ಮಡಿಸಿಟ್ಟೆ. ಆ ದಿನದ ಪ್ರಸಾರದ ಧ್ವನಿಮುದ್ರಣ ನಮ್ಮಲ್ಲಿ ಇತ್ತು. ನಿರೂಪಕರಿಂದ ಮೊದಲೇ ಒಪ್ಪಿಗೆ ಪಡೆದಿದ್ದೆ. “ಈಗ ಇದನ್ನು ಹಾಕುತ್ತೇನೆ” ಅಂದೆ. “ಅವರು ಬಿದ್ದದ್ದು ಕೇಳಿಸಿದ ಕೂಡಲೇ ಕೈ ಎತ್ತಿ.”

ಪಿಯಾನೊ, ಬಾಸ್, ಡ್ರಮ್. ಮೂರೂ ಒಟ್ಟಿಗೆ ಬಂದು ಇಳಿದವು. ಚೂರು ಬಿಡುವು. ಕುಣಿತದ ಹಾಡು. ಅದು ಮುಗಿದು ಇನ್ನೊಂದು. ನಾನು ನಿಲ್ಲಿಸಲಿಲ್ಲ. ಎಲ್ಲರೂ ಕಿವಿ ಚುರುಕು ಮಾಡಿ ಕಾಯುತ್ತಲೇ ಇದ್ದರು. ಒಂದು ಕೈಯೂ ಮೇಲೆ ಏಳಲಿಲ್ಲ. ಮೂರನೆಯ ಹಾಡು ಶುರುವಾದಾಗ ಮುಖ್ಯಸ್ಥರು ಮೆಲ್ಲಗೆ ಕೇಳಿದರು:

“ಇನ್ನೂ ಬಿದ್ದಿಲ್ಲವಾ?”

“ಈ ಹೊತ್ತಿಗೆ ಆಂಬುಲೆನ್ಸ್ ಕೆಳಗೆ ಬಂದು ನಿಂತಿದೆ” ಅಂದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಷರತ್ತು ಹಾಗೇ ಇರಲಿ ಅಂದರು. ನಮ್ಮಲ್ಲಿ ಮಾತ್ರವಲ್ಲ, ತಮ್ಮ ಸ್ಟುಡಿಯೊಗಳಲ್ಲೂ ಗಂಟೆ ಕೂರಿಸುವುದಾಗಿ ತಾವಾಗಿಯೇ ಸೇರಿಸಿದರು. ಮಂಡಳಿಯಲ್ಲಿ ನಾವೆಲ್ಲ ವಿಲೀನಕ್ಕೆ ಹೂಂ ಅಂದೆವು. ಅಂದು ಸ್ಲೋಟರ್‌ಡೈಕಿನ ಪ್ಲಾಟ್‌ಫಾರ್ಮಿನಲ್ಲಿ, ಎದುರು ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಒಬ್ಬಳೇ ಹಲ್ಲು ಕಿರಿಯುತ್ತ ನಿಂತಿದ್ದೆ. ಗಂಡನಿಗೆ ಫೋನ್ ಮಾಡಿ ‘ಗೆದ್ವಿ’ ಅಂದೆ. “ಹಂಗಾರ ಇವತ್ತರ ಮಲಗು” ಅಂದ. ಆದರೆ ಆ ರಾತ್ರಿಯೂ ಎದ್ದು ಕೂತೆ.

ಎಲೆ ಉದುರುವ ಹೊತ್ತಿಗೆ ನಿರೂಪಕರು ಕೆಲಸಕ್ಕೆ ಮರಳಿದರು. ಒಂದಾದ ಹೊಸ ವಾಹಿನಿಯ ಮೊದಲ ಜಾಝ್ ಕಾರ್ಯಕ್ರಮ ಅವರದೇ. ಈಗ ದೋಣಿಗಳ ಜೊತೆಗೆ ಗಡಿಯಾಚೆಯ ಬೆಟ್ಟದ ಊರುಗಳಲ್ಲೂ ಅವರ ದನಿ ಇಳಿಯುತ್ತಿತ್ತು. ಮೊದಲ ಹಾಡಿಗೆ ಅದೇ ಕ್ಲಬ್ಬಿನ ರೆಕಾರ್ಡಿಂಗ್ ಹಾಕಿದರು. ಮೂಲೆಯವನು ಕೆಮ್ಮಿದ, ಸ್ವರ ತಡೆದು ನಿಂತಿತು, ಹಾಡು ಮುಗಿಯಿತು. ಮೌನ. ನಾನು ಟಕ್ ಸದ್ದಿಗೆ ಕಾದೆ. ಬರಲಿಲ್ಲ.

ತಲೆಯ ಮೇಲೆ ಗಂಟೆ ಹೊಡೆದುಕೊಂಡಿತು.

ಕಾರಿಡಾರ್ ಹೇಗೆ ದಾಟಿದೆನೋ ಗೊತ್ತಿಲ್ಲ. ಬಾಗಿಲು ತಳ್ಳಿದರೆ ಅವರು ನೆಟ್ಟಗೆ ಕೂತು, ಬೆರಳನ್ನು ತುಟಿಯ ಮೇಲಿಟ್ಟು, ಗೋಡೆ ಗಡಿಯಾರ ನೋಡುತ್ತಿದ್ದಾರೆ. ನನ್ನನ್ನು ಕಂಡು, ಮೆಚ್ಚಿದವರಂತೆ ಹುಬ್ಬು ಏರಿಸಿ, ಉಂಗುರದಿಂದ ಟೇಬಲ್ ಕುಟ್ಟಿದರು. ಆಮೇಲೆ ಮೈಕಿಗೆ ಬಾಗಿದರು.

“ಈಗ ನೀವು ಕೇಳಿದ್ದು ಮೌನ. ಅದನ್ನ ಕೇಳಿ ಓಡಿ ಬಂದವರು ಬಾಗಿಲಲ್ಲಿ ಏದುಸಿರು ಬಿಡ್ತಾ ನಿಂತಿದ್ದಾರೆ. ನನ್ನನ್ನ ಹೊಡೆಯೋ ಯೋಚನೆಯಲ್ಲಿದ್ದಾರೆ ಅನ್ನಿಸುತ್ತೆ.”

ಆ ಏದುಸಿರು ನಗುವಾಗಿ ಒಡೆದು ಪ್ರಸಾರವಾಯಿತಂತೆ. ಉತ್ತರ ಸಮುದ್ರದವರೆಗೂ ಹೋಗಿರಬೇಕು.

ಅದು ಮಂಗಳವಾರ. ಬುಧವಾರ ಬೆಳಿಗ್ಗೆ ಯಾರೋ ಕಾಲು ಹಿಡಿದು ಅಲುಗಿಸಿದರು. ಕಿಟಕಿಯಲ್ಲಿ ಪೂರ್ತಿ ಬೆಳಕಿತ್ತು.

“ಏಳ್ತಿಯೋ ಇಲ್ಲೋ? ಅಲಾರಂ ಹೊಡದ ಹೊಡದ ಸುಸ್ತಾತು. ಟ್ರೇನ್ ಹೋತು” ಅಂದ ಗಂಡ. “ಆಫೀಸಿನಾಗ ಗಂಟಿ ಕೇಳಿ ಓಡಾಕಿ, ಮನ್ಯಾಗ ಹೊಡದ್ರ ಮಗ್ಗಲ ಸುದ್ದಾ ಬದಲಸಂಗಿಲ್ಲಲ್ಲ.”

“ಮುಂದಿನ ಟ್ರೇನಿಗೆ ಹೋಗ್ತೇನಿ” ಎಂದು ಹೊದಿಕೆ ಎಳೆದುಕೊಂಡೆ.